ಯಾರನ್ನು ವಿಚಾರಿಸಲಾಯಿತು

ಕಿಟಕಿಯಾಚೆ ಕಬ್ಬಿಣದ ಮುಚ್ಚಳ ಕಿರ್ರೆಂದಿತು, ಹೆಂಡತಿ ನಕ್ಕಳು. ಎರಡು ಸದ್ದುಗಳ ನಡುವೆ ಎಷ್ಟು ಹೊತ್ತು ಕಳೆಯಿತೆಂದು ಅವನು ಹೊದಿಕೆಯೊಳಗೆ ಕಣ್ಣು ಮುಚ್ಚಿಕೊಂಡೇ ಅಳೆದ. ಒಂದು ಉಸಿರಿನಷ್ಟೂ ಇಲ್ಲ. ಅಂದರೆ ಅವಳು ಮೊದಲೇ ಹೋಗಿ ಕಿಟಕಿಯಲ್ಲಿ ನಿಂತಿದ್ದಳು. ನೀರಗಂಟಿ ಬರುವುದು, ರಸ್ತೆ ನಡುವಿನ ಗುಂಡಿಯ ಮುಚ್ಚಳ ಎತ್ತುವುದು, ಎದೆಮಟ್ಟದ ಕಬ್ಬಿಣದ ಕೀಲಿ ಇಳಿಸಿ ವಾಲ್ವು ತಿರುಗಿಸಿ ಓಣಿಗೆ ನೀರು ಬಿಡುವುದು, ಇದೆಲ್ಲ ಅವರು ಈ ಮನೆಗೆ ಬಂದಾಗಿನಿಂದ ನಡೆಯುತ್ತಿರುವುದೇ. ಆ ಗುಂಡಿ ತಮ್ಮ ಕಿಟಕಿಯ ಎದುರಿಗೇ ಇರಬೇಕಾದ ಅಗತ್ಯವೇನಿತ್ತು ಎಂದು ಮಾತ್ರ ಅವನಿಗೆ ಈಚೆಗೆ ಅನ್ನಿಸತೊಡಗಿತ್ತು. "ಸಾಯಂಕಾಲ ಮತ್ತೆ ಬಿಡ್ತೀಯೇನಪ್ಪಾ?" ಎಂದು ಅವಳು ಕೇಳುತ್ತಿದ್ದಳು. "ಬಿಟ್ರೆ ಬಿಡ್ತೀನಿ ಅಕ್ಕಾ, ಬಿಡ್ಲಿಲ್ಲ ಅಂದ್ರೆ ನಾನೇ ಬಂದು ಬೈಸ್ಕೊಂಡು ಹೋಗ್ತೀನಿ," ಎಂದ ಆಚೆಯವನು. ಅವಳು ಮತ್ತೆ ನಕ್ಕಳು. ಇದರಲ್ಲಿ ನಗುವಂಥದ್ದೇನಿತ್ತು? ನಿನ್ನೆ ಊಟಕ್ಕೆ ಕೂತಾಗ ಅವಳ ಗಂಡನೇ ಬಾಯಿಬಿಟ್ಟು ಹೇಳಿದ್ದನಲ್ಲ: ಬೆಳಿಗ್ಗೆ ಆರರಿಂದ ಏಳು, ಸಾಯಂಕಾಲ ನಾಲ್ಕೂವರೆಯಿಂದ ಐದೂಕಾಲು. ಕಚೇರಿಯ ಕಾಗದದಲ್ಲಿದ್ದದ್ದನ್ನು ನಿಮಿಷದ ಸಮೇತ ಒಪ್ಪಿಸಿದ್ದ. ಅವಳು ಹೂಂ ಎಂದಿದ್ದಳು. ಆ ಹೂಂ ಎನ್ನುವುದು ಕೇಳಿಸಿಕೊಂಡದ್ದಕ್ಕೆ, ನಂಬಿದ್ದಕ್ಕಲ್ಲ, ಎಂದು ಈಗ ಗೊತ್ತಾಯಿತು. ಅವನಿಗೆ ಹೊಟ್ಟೆ ಉರಿಯಿತು. ಇದಕ್ಕೆ ಬೇರೆ ಹೆಸರು ಕೊಟ್ಟು ಮರ್ಯಾದೆ ಉಳಿಸಿಕೊಳ್ಳುವ ವಯಸ್ಸು ಅವನದಾಗಿರಲಿಲ್ಲ. ನಲವತ್ತೆಂಟಕ್ಕೆ ಹೊಟ್ಟೆಕಿಚ್ಚು ಹೊಟ್ಟೆಕಿಚ್ಚೇ.

ಎದ್ದು ಹೋಗಿ ನೋಡಿದರೆ ಅವಳು ನಲ್ಲಿಯ ಕೆಳಗೆ ದೊಡ್ಡ ಕೊಡ ಇಟ್ಟು, ಇನ್ನೊಂದನ್ನು ತೊಳೆಯುತ್ತಿದ್ದಳು. "ಅದೇನು, ಮಾತು ಮಾತಿಗೂ ಅಕ್ಕಾ ಅಕ್ಕಾ ಅಂತಾನೆ? ನಿನ್ನ ಜೊತೆ ಹುಟ್ಟಿದವನಾ?" ಎಂದು ಕೇಳಿದ; ತಮಾಷೆಯಾಗಿ ಕೇಳಬೇಕೆಂದುಕೊಂಡಿದ್ದ, ದನಿ ಮಾತ್ರ ಹಾಗೆ ಬರಲಿಲ್ಲ. "ಇಡೀ ಓಣಿಗೇ ಹಾಗಂತಾನೆ. ಬೇಕಿದ್ರೆ ನಿಮ್ಮನ್ನೂ ಅಣ್ಣಾ ಅನ್ನು ಅಂತ ಹೇಳ್ಲಾ?" ಎಂದಳು ಅವಳು ತಲೆ ಎತ್ತದೆ. ಅವಳು ಬಟ್ಟೆ ಹೊಲಿಯುವವಳು, ಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿತ್ತು. ಆ ಬೆರಳಿನಲ್ಲಿ ಕೊಡದ ಕಂಠ ಉಜ್ಜುವುದನ್ನು ನೋಡುತ್ತ ನಿಂತವನಿಗೆ ನದಿ ಬಂದ ದಿನ ನೆನಪಾಯಿತು, ಬೇಡವೆಂದರೂ. ಆ ಮಧ್ಯಾಹ್ನ ಅವನು ಪುರಸಭೆಯಿಂದ ಬೆವರು ಸುರಿಸುತ್ತ ಓಡಿಬಂದು, ಮೂರು ಗಂಟೆಯೊಳಗೆ ನೀರು ಓಣಿಗೆ ನುಗ್ಗುತ್ತದೆ, ಹೊಲಿಗೆ ಮಿಷನ್ ಅಟ್ಟದ ಮೇಲಿಡು ಎಂದಿದ್ದ. ಅವಳು ದಾರ ಕಚ್ಚಿ ತುಂಡರಿಸುತ್ತ, "ನೋಡೋಣ, ಈ ತೋಳೊಂದು ಮುಗೀಲಿ," ಎಂದಿದ್ದಳು. ಹತ್ತು ನಿಮಿಷಕ್ಕೆ ನೀರಗಂಟಿ ಕಿಟಕಿಯ ಬಳಿ ಹಾದುಹೋಗುತ್ತ, "ಅಕ್ಕಾ, ಮಿಷನ್ನು," ಎಂದ, ಅಷ್ಟೇ, ವಾಕ್ಯವನ್ನೂ ಮುಗಿಸಲಿಲ್ಲ. ಅವಳು ಧಡಕ್ಕನೆ ಎದ್ದಳು. ಎತ್ತಲು ಅವನೇ ಒಳಗೆ ಬಂದು ಕೈ ಜೋಡಿಸಿದ. ಗಂಡ ಒಂದು ಕಡೆ ಹಿಡಿದ, ನೀರಗಂಟಿ ಇನ್ನೊಂದು ಕಡೆ. ಮಿಷನ್ ಉಳಿಯಿತು. ಆಮೇಲೆ ಬಂದು ಹೋದವರಿಗೆಲ್ಲ ಅವಳು, "ನೀರಗಂಟಿ ಹೇಳದೇ ಇದ್ರೆ ನನ್ನ ಅನ್ನಕ್ಕೇ ಕಲ್ಲು ಬೀಳ್ತಿತ್ತು," ಎನ್ನುತ್ತಿದ್ದಳು. ಗಂಡ ಪಕ್ಕದಲ್ಲೇ ಕೂತಿರುತ್ತಿದ್ದ.

ನದಿ ಎರಡು ದಿನ ಊರಲ್ಲಿದ್ದು, ಬಂದ ದಾರಿಯಲ್ಲೇ ವಾಪಸು ಹೋಗಿ ಇವತ್ತಿಗೆ ಐದು ದಿನ. ಹೋಗುವಾಗ ಕೆಸರನ್ನೂ ನೂರಾರು ಕಾಯಿಲೆಯವರನ್ನೂ ಬಿಟ್ಟುಹೋಗಿತ್ತು. ಅದಕ್ಕಿಂತ ಹೆಚ್ಚಾಗಿ ಮಾತನ್ನು ಬಿಟ್ಟುಹೋಗಿತ್ತು. ಮೇಲಿನ ಅಣೆಕಟ್ಟು ಬಿರುಕು ಬಿಟ್ಟಿದೆಯಂತೆ. ಆಸ್ಪತ್ರೆಯಲ್ಲಿ ಹೆಣ ಲೆಕ್ಕಕ್ಕೆ ಹಿಡಿಯುತ್ತಿಲ್ಲವಂತೆ. ಚಿತ್ರಮಂದಿರದ ಟಿಕೆಟ್ ಕೋಣೆಯಲ್ಲಿ ಮೊಸಳೆ ಮಲಗಿದೆಯಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಇದಕ್ಕೆಂದೇ ಪುರಸಭೆಯ ಸಭಾಂಗಣದಲ್ಲಿ ಒಂದು ಮಾಹಿತಿ ಕೇಂದ್ರ ತೆರೆದರು. ಒಂದು ಉದ್ದ ಮೇಜು, ಮೂರು ಫೋನು, ಮತ್ತು ದಪ್ಪ ರಟ್ಟಿನ ಒಂದು ವದಂತಿ ಪುಸ್ತಕ. ಜನನ ಮರಣ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಮುತ್ತಿನಂಥ ಅಕ್ಷರದಲ್ಲಿ ಪ್ರಮಾಣಪತ್ರ ಬರೆದಿದ್ದ ಗುಮಾಸ್ತ ಅವನು, ಅವನನ್ನೇ ಕರೆದು, ನಿಮ್ಮ ಬರಹ ಚೆನ್ನಾಗಿದೆ, ಪುಸ್ತಕ ನೀವೇ ನೋಡಿಕೊಳ್ಳಿ ಎಂದರು. ಪುಸ್ತಕಕ್ಕೆ ಆರು ಕಾಲಂ. ಕ್ರಮಸಂಖ್ಯೆ, ಸಮಯ, ಎಲ್ಲಿ ಕೇಳಿದ್ದು, ಏನು ಕೇಳಿದ್ದು, ಯಾರನ್ನು ವಿಚಾರಿಸಲಾಯಿತು, ಉತ್ತರ. ಕೇಂದ್ರದ ಮುಖ್ಯಸ್ಥೆ ಒಬ್ಬ ಗಟ್ಟಿ ಹೆಂಗಸು, ಎಲ್ಲರಿಗೂ ಮೇಡಂ. ಅವರ ನಿಯಮ ಒಂದೇ. ಐದನೆಯ ಕಾಲಮಿನಲ್ಲಿ ಇಬ್ಬರಿರಬೇಕು, ಒಬ್ಬರು ಸ್ಥಳದಲ್ಲಿರುವವರು, ಇನ್ನೊಬ್ಬರು ವಿಷಯ ತಿಳಿದವರು. ಇಬ್ಬರನ್ನೂ ಕೇಳದೆ ಯಾವ ವದಂತಿಯನ್ನೂ ಮುಚ್ಚುವಂತಿಲ್ಲ. ಕೇಳಿದ ಮೇಲೆ ಅವನು ಉತ್ತರ ಬರೆಯುತ್ತಿದ್ದ. ಅದು ಎಂಟು, ಹನ್ನೆರಡು, ಐದು ಗಂಟೆಗೆ ಧ್ವನಿವರ್ಧಕದ ವ್ಯಾನಿನಲ್ಲಿ ಊರು ಸುತ್ತುತ್ತಿತ್ತು, ಮೂಲೆಮೂಲೆಯ ಹಲಗೆಗಳ ಮೇಲೆ ಅಂಟುತ್ತಿತ್ತು. ಅವನ ಪ್ರಕಟಣೆಗಳು 'ಇದು ಸುಳ್ಳು' ಎಂದು ಮುಗಿಯುತ್ತಿದ್ದುದರಿಂದ ಎರಡೇ ದಿನಕ್ಕೆ ಊರಿನ ಪೋಕರಿಗಳು ಅವನಿಗೆ ಸುಳ್ಳಪ್ಪ ಎಂದು ಹೆಸರಿಟ್ಟರು. ಇಪ್ಪತ್ತೆರಡು ವರ್ಷ ಊರಿನ ಪ್ರತಿ ಹುಟ್ಟು ಪ್ರತಿ ಸಾವಿಗೂ ಇದು ನಿಜ ಎಂದು ಬರೆದುಕೊಟ್ಟವನಿಗೆ.

ಕಚೇರಿಗೆ ಹೋಗುವ ದಾರಿಯಲ್ಲಿ ಬ್ರೆಡ್ ಅಂಗಡಿಯ ಪಕ್ಕದ ಹಲಗೆಯ ಮುಂದೆ ಏಳೆಂಟು ಜನ ನಿಂತಿದ್ದರು. ಅವನು ನಡಿಗೆ ನಿಧಾನ ಮಾಡಿದ. ತಾನು ಬರೆದದ್ದನ್ನು ಬೇರೆಯವರು ಓದುವಾಗ ಅವರ ಕತ್ತಿನ ಹಿಂಭಾಗವನ್ನು ನೋಡುವುದು ಅವನ ಈ ವಾರದ ಹೊಸ ಚಟ. ಆಸ್ಪತ್ರೆಗೆ ಸೇತುವೆ ಕಡೆಯ ರಸ್ತೆ ತೆರೆದಿದೆ, ಮಾರುಕಟ್ಟೆ ಕಡೆಯದು ಮುಚ್ಚಿದೆ ಎಂಬ ನಿನ್ನೆಯ ಪ್ರಕಟಣೆ. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಕನ್ನಡಕದ ಮುದುಕನೊಬ್ಬ ಗಟ್ಟಿಯಾಗಿ ಓದಿದ, ಉಳಿದವರು ಕೇಳಿಸಿಕೊಂಡರು. ಓದಿ ಮುಗಿಸಿ ಎಲ್ಲರೂ ಒಟ್ಟಿಗೆ ತಿರುಗಿದರು. ಅಷ್ಟು ಹೊತ್ತಿಗೆ ಕೀಲಿ ಹೆಗಲಿಗೇರಿಸಿಕೊಂಡು ನೀರಗಂಟಿ ಬರುತ್ತಿದ್ದ. "ಏನಯ್ಯಾ, ಸೇತುವೆ ರಸ್ತೆ ತೆರೆದಿದೆಯಂತೆ, ಹೌದಾ?" "ಹೌದು ತಾತ, ನಾನೀಗ ಅಲ್ಲಿಂದಾನೇ ಬಂದೆ." "ಹಾಗಾದ್ರೆ ಸರಿ," ಎಂದು ಮುದುಕ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡ. ಅಂಗೈ ಹುಣ್ಣಿಗೆ ಕನ್ನಡಿ ಹಿಡಿದು ನೋಡುವ ಮುಠ್ಠಾಳರು! ನೀರಗಂಟಿ ಅವನನ್ನು ಕಂಡು, "ನಮಸ್ಕಾರ ಸಾರ್," ಎಂದ. ಅದರಲ್ಲಿ ಕುಹಕವಿರಲಿಲ್ಲ. ಕುಹಕವಿದ್ದಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು. ಶಾಲೆಯಲ್ಲಿದ್ದಾಗ ಒಮ್ಮೆ ಉಗ್ರಾಣದ ಕಿಟಕಿಯಿಂದ ಹೊಗೆ ಬರುತ್ತಿರುವುದನ್ನು ಮೊದಲು ಕಂಡವನು ಅವನೇ. ಓಡಿಹೋಗಿ ಮೇಷ್ಟರಿಗೆ ಹೇಳಿದ; ಮೇಷ್ಟರು ಗಂಟೆ ಹೊಡೆಯುವ ಮೊದಲು ಅವನ ಹಿಂದೆ ಬಂದ ಇನ್ನೊಬ್ಬ ಹುಡುಗನ ಮುಖ ನೋಡಿ, "ಹೌದೇನೋ?" ಎಂದು ಕೇಳಿದ್ದರು. ಆ ಹುಡುಗ ಹೊಗೆಯನ್ನು ನೋಡಿರಲೂ ಇಲ್ಲ. ಸುಮ್ಮನೆ ತಲೆಯಾಡಿಸಿದ, ಗಂಟೆ ಹೊಡೆಯಿತು.

ಹನ್ನೊಂದೂವರೆಯವರೆಗೆ ಎಂದಿನಂತೆಯೇ ನಡೆಯಿತು. ಅರವತ್ತನೆಯ ನಂಬರಿನಲ್ಲಿ ಮೊಸಳೆ ಮತ್ತೆ ಬಂದಿತ್ತು, ಈ ಸಲ ಮರಿಗಳ ಸಮೇತ. ಅರವತ್ತೊಂದರಲ್ಲಿ ಆಸ್ಪತ್ರೆಯ ಔಷಧಿ ಮುಗಿದಿತ್ತು, ಅರವತ್ತೆರಡರಲ್ಲಿ ಅದೇ ಔಷಧಿಯನ್ನು ಬೀದಿಯಲ್ಲಿ ಮಾರುತ್ತಿದ್ದರು. ಮೇಡಂ ಆಸ್ಪತ್ರೆಯ ಸಭೆಗೆಂದು ಹೊರಡುತ್ತ ಬಾಗಿಲಲ್ಲಿ ನಿಂತು, "ನಿಮ್ಮ ಪ್ರಕಟಣೆಯಲ್ಲಿ ಯಾರನ್ನು ಕೇಳಿದ್ವಿ ಅಂತಾನೂ ಒಂದು ಮಾತು ಸೇರಿಸ್ರಿ. ಜನ ಮನುಷ್ಯನ ಮಾತು ನಂಬ್ತಾರೆ, ಕಚೇರಿ ಮಾತು ನಂಬಲ್ಲ," ಎಂದು ಹೇಳಿ ಹೋದರು. ಆಗಲಿ ಮೇಡಂ ಎಂದ. ನನ್ನ ವಾಕ್ಯ ಸಾಲದು, ಅದಕ್ಕೊಂದು ಊರುಗೋಲು ಬೇಕು ಎಂದರ್ಥ, ಎಂದುಕೊಂಡ. ಆಗಲೇ ನಡುವಿನ ಫೋನು ಹೊಡೆದುಕೊಂಡಿತು.

"ಮಾಹಿತಿ ಕೇಂದ್ರಾನಾ? ಓ, ನೀವೇನಾ." ಹೆಂಡತಿ. ಹಿಂದೆ ಬೇರೆ ಹೆಂಗಸರ ದನಿಗಳು. "ಬರ್ಕೊಳ್ಳಿ. ಬೆಳಿಗ್ಗೆ ಬಿಟ್ಟ ನೀರು ಕುಡೀಬಾರ್ದಂತೆ. ಮೇಲಿನ ಟ್ಯಾಂಕಿಂದ ಬರೋ ಪೈಪು ಮೋರಿ ಹತ್ರ ಬಾಯಿ ಬಿಟ್ಕೊಂಡಿದೆಯಂತೆ, ಮೋರಿ ನೀರು ಒಳಗೆ ಹೋಗಿದೆಯಂತೆ. ನಾವಂತೂ ಕೊಡ ಎಲ್ಲ ಚೆಲ್ಲೋಕೆ ಎತ್ತಿಟ್ಟಿದ್ದೀವಿ. ಬೇರೆ ಓಣಿಗೂ ಬೇಗ ಹೇಳಿ."

"ಸರಿ. ವದಂತಿ ಸಂಖ್ಯೆ ಅರವತ್ಮೂರು," ಎಂದ ಅವನು ಬರೆಯುತ್ತ.

"ವದಂತಿ ಅಲ್ಲರೀ. ಅವನೇ ಹೇಳಿದ್ದು."

"ಅವನೇ ಅಂದ್ರೆ ಯಾರು? ಇಲ್ಲಿ ಹೆಸರು ಬರೀಬೇಕು."

"ನೀರಗಂಟಿ. ಇನ್ನ್ಯಾರು?"

ಅವಳು ಫೋನಿಟ್ಟಳು. ಇನ್ನ್ಯಾರು ಎಂಬ ಮಾತು ಮಾತ್ರ ಕಿವಿಯಲ್ಲೇ ಉಳಿಯಿತು. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಯಾರಿಗಾದರೂ ಗಂಡನ ಬಗ್ಗೆ ಆ ಪದವನ್ನು ಆ ದನಿಯಲ್ಲಿ ಹೇಳಿದ್ದಳೇ? ಒಂದು ಸಲ ಹೇಳಿದ್ದಳು. ಮನೆಯ ಬೀಗದ ಕೈ ಕಳೆದಾಗ, ಕಳೆದದ್ದು ಯಾರು ಎಂದು ಅವಳ ತಾಯಿ ಕೇಳಿದ್ದಕ್ಕೆ. ಅವನು ಪ್ರಯೋಗಾಲಯಕ್ಕೆ ಫೋನ್ ಮಾಡಿದ. ನೀರು ಪರೀಕ್ಷಿಸುವವನು, "ಏಳು ಗಂಟೆಗೆ ಟ್ಯಾಂಕಿಂದ ತಂದ ನೀರು ಸರಿಯಾಗಿದೆ, ನೀರಿಗೆ ಹಾಕೋ ಔಷಧಿ ಪ್ರಮಾಣಾನೂ ಸರಿಯಿದೆ. ಪೈಪಿಂದು ನನಗೆ ಗೊತ್ತಿಲ್ಲಪ್ಪ, ಅದು ಸ್ಥಳದಲ್ಲಿರೋರನ್ನೇ ಕೇಳ್ಬೇಕು," ಎಂದ. ಒಬ್ಬರಾದರು. ಇನ್ನೊಬ್ಬರು, ಸ್ಥಳದಲ್ಲಿರುವವರು. ಗೋಡೆಯ ಮೇಲಿನ ಪಟ್ಟಿಯಲ್ಲಿ ನೀರಿನ ಮುಂದೆ ಒಂದೇ ಒಂದು ನಂಬರಿತ್ತು, ಅದನ್ನು ಅಲ್ಲಿ ಬರೆದದ್ದೂ ಅವನೇ.

ಗಂಟೆ ಹನ್ನೆರಡಾಗಲು ಹನ್ನೆರಡು ನಿಮಿಷ. ವ್ಯಾನಿನವನು ಬಾಗಿಲಲ್ಲಿ ಬಂದು ನಿಂತು, "ಕೊಡ್ತೀರಾ ಸಾರ್?" ಎಂದ. ಅವನು ಫೋನು ಎತ್ತಿ ಆರು ಅಂಕಿ ಒತ್ತಿದ. ಆ ಕಡೆಯಿಂದ ಬರಬಹುದಾದ ದನಿ ಆಗಲೇ ಕೇಳಿಸಿಬಿಟ್ಟಿತು: ಹೇಳಿ ಸಾರ್. ನಿಧಾನದ, ಒದ್ದೆ ಮಣ್ಣಿನ ದನಿ. ಅದಕ್ಕೆ ತಾನು, ಹೌದೇನಪ್ಪಾ, ನನ್ನ ಹೆಂಡತಿಗೆ ನೀನು ಹೀಗೆ ಹೇಳಿದೆಯಂತೆ, ನಿಜವೇನಪ್ಪಾ ಎಂದು ಕೇಳಬೇಕು. ಮೇಷ್ಟರು ಆ ಹುಡುಗನನ್ನು ಕೇಳಿದ ಹಾಗೆ. ಬ್ರೆಡ್ ಅಂಗಡಿಯ ಮುದುಕ ಕೇಳಿದ ಹಾಗೆ. ಊರೆಲ್ಲ ಹೋಗಿ ನಿಂತ ಸಾಲಿನಲ್ಲಿ ಕೊನೆಗೆ ತಾನೂ ಹೋಗಿ ಕೈಕಟ್ಟಿ ನಿಲ್ಲಬೇಕು. ಉಳಿದ ಅಂಕಿಗಳನ್ನು ಒತ್ತದೆ ಫೋನಿಟ್ಟ. ಟ್ಯಾಂಕಿನ ನೀರು ಸರಿಯಿದೆ ಎಂದು ವಿಷಯ ತಿಳಿದವನೇ ಹೇಳಿದ್ದಾನೆ. ವಾಲ್ವು ತಿರುಗಿಸುವವನಿಗೆ ಅದಕ್ಕಿಂತ ಹೆಚ್ಚು ಗೊತ್ತೇ? ಗುಂಡಿಯಲ್ಲಿ ನಿಂತ ಒಂದಿಷ್ಟು ಕೆಸರು ಕಂಡು ಹೆಂಗಸರ ಮುಂದೆ ದೊಡ್ಡದು ಮಾಡಿ ಹೇಳಿರುತ್ತಾನೆ. ಹೀಗೆಲ್ಲ ಯೋಚಿಸುತ್ತಿದ್ದಾಗ ಅವನ ಕೈ, ಯಾರ ಅಪ್ಪಣೆಗೂ ಕಾಯದೆ, ಐದನೆಯ ಕಾಲಮಿನಲ್ಲಿ ಬರೆಯಿತು: ಪ್ರಯೋಗಾಲಯ, ನೀರಗಂಟಿ. ಬರೆದದ್ದನ್ನು ನೋಡಿದ. ಅಕ್ಷರ ಎಂದಿನಂತೆ ಮುದ್ದಾಗಿತ್ತು. ಆಮೇಲೆ ಪ್ರಕಟಣೆ: 'ಮೇಲಿನ ಟ್ಯಾಂಕಿನಿಂದ ಇಂದು ಬೆಳಿಗ್ಗೆ ಬಿಟ್ಟ ನೀರು ಪರೀಕ್ಷೆಯಾಗಿದ್ದು ಕುಡಿಯಲು ಯೋಗ್ಯವಾಗಿದೆ. ಈ ಬಗ್ಗೆ ಸ್ಥಳದಲ್ಲಿರುವ ನೀರಗಂಟಿಯವರನ್ನೂ ವಿಚಾರಿಸಲಾಗಿದೆ. ಬೇರೆ ಮಾತು ಕೇಳಿಬಂದರೆ ಅದು ಸುಳ್ಳು.' ಆ ಎರಡನೆಯ ವಾಕ್ಯ ಬರೆಯುವಾಗ ಒಂದು ಹೊಲಸು ಸಂತೋಷವಾಯಿತು, ಅದನ್ನು ಅವನು ಅಲ್ಲಗಳೆಯುವಂತಿಲ್ಲ. ನೀರಗಂಟಿಯ ಮಾತನ್ನು ಅವನ ಹೆಸರಿನಿಂದಲೇ ಸುಳ್ಳು ಮಾಡಿದ ಸಂತೋಷ. ಹೆಂಡತಿ ಕಿಟಕಿಯಲ್ಲಿ ನಿಂತು ಕೇಳಲಿ ಎಂದುಕೊಂಡ.

ವ್ಯಾನು ಹೋಯಿತು. ಮಧ್ಯಾಹ್ನ ಒಂದರಿಂದ ಮೂರರವರೆಗೆ ನೀರಿನ ಬಗ್ಗೆ ಒಂದೇ ಒಂದು ಫೋನು ಬರಲಿಲ್ಲ. ಐದು ದಿನದಲ್ಲಿ ಹೀಗಾದದ್ದು ಇದೇ ಮೊದಲು. ಎಂದಿನ ದಿನವಾದರೆ ಪ್ರಕಟಣೆ ಹೋದ ಮೇಲೆಯೇ ಫೋನು ಜಾಸ್ತಿ. ನಿಜವಾ, ಖಂಡಿತಾನಾ, ಯಾರು ಹೇಳಿದ್ದು. ಅವನು ಕೆಳಗಿಳಿದು ಚಹಾದ ಅಂಗಡಿಗೆ ಹೋದ. ಅಂಗಡಿಯವನು ಲೋಟ ಮುಂದಿಡುತ್ತ, "ಇವತ್ತಿನ ನೋಟಿಸು ಭೇಷಾಗಿತ್ತು ಸಾರ್. ಹೀಗೆ ಹೇಳಿದ್ರೆ ನಾವ್ಯಾಕೆ ನಂಬಲ್ಲ? ಬೆಳಿಗ್ಗೆ ಹಿಡಿದ ನೀರು ಚೆಲ್ಲೋಕೆ ಹೊರಟಿದ್ದೆ, ನಿಮ್ಮ ವ್ಯಾನು ಬಂತು, ಉಳೀತು," ಎಂದ. ಬೆಂಚಿನ ಮೇಲಿದ್ದವನೊಬ್ಬ ಸರಿದು ಜಾಗ ಕೊಟ್ಟ. ಯಾರೂ ಸುಳ್ಳಪ್ಪ ಎನ್ನಲಿಲ್ಲ. ಅವನು ಚಹಾ ಕುಡಿದ. ಚೆನ್ನಾಗಿ ಕುದಿಸಿದ ಚಹಾ, ಏನೂ ಆಗುವುದಿಲ್ಲ ಎಂಬ ಮಾತು ಎಲ್ಲಿಂದಲೋ ತಲೆಗೆ ಬಂದಾಗ ತಾನೇ ಬೆಚ್ಚಿದ. ಯಾಕೆ ಬಂತು ಅದು? ಏನಾದರೂ ಯಾಕೆ ಆಗಬೇಕು? ಅಂಗಡಿಯವನ ಮಗಳು, ಇನ್ನೂ ಗೌನು ತೊಡುವ ಕೂಸು, ಬಕೆಟ್ಟಿನಲ್ಲಿ ಲೋಟ ಅದ್ದಿ ನೀರು ಕುಡಿಯಿತು. ಬೇಡ ಎನ್ನಬೇಕೆನ್ನಿಸಿತು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಸುತ್ತ ಕೂತವರೆಲ್ಲ ಐದು ದಿನದಲ್ಲಿ ಮೊದಲ ಸಲ ಅವನನ್ನು ಗೌರವದಿಂದ ನೋಡುತ್ತಿದ್ದರು. ಅವನು ಚಹಾದ ದುಡ್ಡು ಎಣಿಸಿ ಕೊಟ್ಟ. ಮಗು ಎರಡನೆಯ ಲೋಟ ಅದ್ದಿತು.

ಮತ್ತೆ ಮೇಲೆ ಬಂದು ಕೂತರೂ ಕೂರಲಾಗಲಿಲ್ಲ. ಪುಸ್ತಕ ಮುಚ್ಚಿದ, ತೆರೆದ. ಅರವತ್ಮೂರರ ಸಾಲಿನ ಮೇಲೆ ಕೈಯಿಟ್ಟುಕೊಂಡ. ಈಗಲಾದರೂ ಫೋನ್ ಮಾಡಿ ಕೇಳಬಹುದಲ್ಲ ಎಂದುಕೊಂಡ; ಕೇಳಿ, ಅವನು ಹೌದು ಎಂದರೆ? ಮೂರೂವರೆಗೆ ಬಾಗಿಲಲ್ಲಿ ನೆರಳು ಕಂಡು ಮೇಡಂ ಎಂದುಕೊಂಡು ಎದ್ದು ನಿಂತ. ನೀರಗಂಟಿ. ಮೊಣಕಾಲವರೆಗೆ ಕಪ್ಪು ಕೆಸರು ಮೆತ್ತಿದ್ದರಿಂದ ಒಳಗೆ ಬರದೆ ಹೊಸ್ತಿಲ ಹೊರಗೇ ನಿಂತಿದ್ದ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಸಾರ್, ನನ್ನನ್ನ ಯಾರು ಕೇಳಿದ್ರು?"

ಏನು, ಯಾವುದು, ಎಂದು ಅವನು ತೊದಲಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಕೈ ಪುಸ್ತಕದ ಮೇಲೆ ಹೋಯಿತು.

"ವ್ಯಾನಲ್ಲಿ ನನ್ನ ಹೆಸರು ಬಂತಂತೆ. ಮೋರಿ ಹತ್ರ ಕೆಲಸದೋರಿಗೆ ಊಟ ತಂದೋರು ಹೇಳಿದ್ರು. ನಿಮ್ಮ ಓಣೀಲಿ ಹೇಳಿ ಹೋದಾಗಿನಿಂದ ನಾನು ಅಲ್ಲೇ ಇದ್ದೀನಿ ಸಾರ್. ಪೈಪು ಅಂಗೈ ಅಗಲ ಬಿಟ್ಕೊಂಡಿದೆ. ನೀರು ನಿಲ್ಲಿಸಿದ ಕೂಡ್ಲೆ ಮೋರಿ ನೀರೆಲ್ಲ ಒಳಗೆ ಎಳ್ಕೊಳ್ಳುತ್ತೆ, ಮತ್ತೆ ಬಿಟ್ಟಾಗ ಅದೇ ನಲ್ಲೀಲಿ ಬರುತ್ತೆ. ಕೇಂದ್ರಕ್ಕೆ ಎರಡು ಸಲ ಫೋನ್ ಮಾಡ್ದೆ, ಲೈನ್ ಸಿಗ್ಲಿಲ್ಲ." ಅವನು ಕೈಯ ಕೆಸರನ್ನು ಬಾಗಿಲಿಗೆ ತಾಗದಂತೆ ಹಿಂದಕ್ಕೆ ಹಿಡಿದುಕೊಂಡಿದ್ದ. "ಆಮೇಲೆ ಸುಮ್ಮನಾದೆ. ಹೇಗಿದ್ರೂ ನೀವು ಇಬ್ಬರನ್ನ ಕೇಳ್ದೇ ಬರೆಯಲ್ವಲ್ಲ, ನನ್ನನ್ನ ಕೇಳೇ ಕೇಳ್ತೀರಿ ಅಂತ."

ಬೈದಿದ್ದರೆ, ಕುತ್ತಿಗೆ ಪಟ್ಟಿ ಹಿಡಿದಿದ್ದರೆ ಏನಾದರೂ ಹೇಳಬಹುದಿತ್ತು. ಊರಲ್ಲಿ ಅವನ ಬರಹವನ್ನು ನಂಬಿ ಕೂತಿದ್ದವನು ಒಬ್ಬನಿದ್ದ, ಮತ್ತು ಆ ಒಬ್ಬ ಇವನು. ಇದಕ್ಕಾದರೂ ನಾಚಿಕೆಯಾಗಬೇಕಿತ್ತು. ನಾಚಿಕೆಯೂ ಆಯಿತು, ಅದರ ಅಡಿಯಲ್ಲಿ ಹಳೆಯ ಉರಿಯೂ ಹಾಗೇ ಇತ್ತು: ಒಳ್ಳೆಯವನಾಗಿರುವುದರಲ್ಲೂ ಇವನೇ ಮುಂದೆ. "ಬಾ, ವ್ಯಾನಿದೆ," ಎಂದ.

ಮೆಟ್ಟಿಲಿಳಿಯುವಾಗಲೇ ಒಂದು ಚೀಟಿಯಲ್ಲಿ ಬರೆದ. ಮೊದಲು 'ಗುಮಾಸ್ತನು ವಿಚಾರಿಸದೆಯೇ' ಎಂದು ಬರೆದ. ಅದನ್ನು ಹೊಡೆದುಹಾಕಿ 'ಕಣ್ತಪ್ಪಿನಿಂದ' ಎಂದು ಬರೆದ. ಅದನ್ನೂ ಹೊಡೆದು 'ಕಾರಣಾಂತರದಿಂದ' ಎಂದು ಬರೆದ. ವ್ಯಾನು ಬ್ರೆಡ್ ಅಂಗಡಿಯ ಮೂಲೆಯಲ್ಲಿ ನಿಂತಾಗ ಮೈಕು ತಾನೇ ಹಿಡಿದು ಓದಿದ: ಬೆಳಗಿನ ನೀರನ್ನು ಯಾರೂ ಕುಡಿಯಬಾರದು, ಹನ್ನೆರಡು ಗಂಟೆಯ ಪ್ರಕಟಣೆ ಕಾರಣಾಂತರದಿಂದ ತಪ್ಪಾಗಿದೆ. ದನಿ ಎರಡು ಸಲ ಸೀಳಿತು. ಜನ ಬಾಗಿಲಿಗೆ ಬಂದರು, ನೋಡಿದರು, ಯಾರೂ ಕೊಡ ಎತ್ತಲಿಲ್ಲ. "ಮಧ್ಯಾಹ್ನ ಅಮೃತ, ಈಗ ವಿಷಾನಾ? ಸುಳ್ಳಪ್ಪಾ, ಒಂದು ಮಾತು ಹೇಳಯ್ಯಾ!" ಎಂದು ಮಾಳಿಗೆಯಿಂದ ಯಾರೋ ಕೂಗಿದರು. ನಗು. "ಮಧ್ಯಾಹ್ನ ನೀರಗಂಟೀನ ಕೇಳಿ ಹೇಳಿದ್ರಲ್ಲ, ಈಗ ಯಾರನ್ನ ಕೇಳಿ ಹೇಳ್ತಿದ್ದೀರಿ?" ಎಂದು ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ಅವನು ಮೈಕು ಹಿಡಿದು ನಿಂತ. ಈಗ ಹೇಳು, ಈಗಲೇ ಹೇಳಿಬಿಡು ಎಂದು ಒಳಗೆ ಏನೋ ಒದೆಯುತ್ತಿತ್ತು. ನಾನು ನೀರಗಂಟಿಯನ್ನು ಕೇಳಲಿಲ್ಲ. ಮೂರು ಪದ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಹಿಂದಿನ ಸೀಟಿನಿಂದ ಕೆಸರು ಮೆತ್ತಿದ ಕೈಯೊಂದು ಬಂದು ಮೈಕನ್ನು ಮೆತ್ತಗೆ ತೆಗೆದುಕೊಂಡಿತು.

"ನಾನು ನೀರಗಂಟಿ ಮಾತಾಡ್ತಿರೋದು. ಬೆಳಿಗ್ಗೆ ಹಿಡಿದ ನೀರು ಚೆಲ್ಲಿಬಿಡಿ ಅಕ್ಕಂದಿರಾ. ಪೈಪು ಒಡೆದಿದೆ, ನಾನೇ ನೋಡಿ ಬಂದೆ. ಮಧ್ಯಾಹ್ನ ಕೇಂದ್ರದವರು ಕೇಳಿದಾಗ ಗಡಿಬಿಡೀಲಿ ನಾನೇ ತಪ್ಪು ಹೇಳ್ಬಿಟ್ಟೆ. ತಪ್ಪಾಯ್ತು. ಕುಡಿದಿರೋರು ಹೆದರ್ಬೇಡಿ, ಹೊಟ್ಟೆ ಕೆಟ್ರೆ ತಡ ಮಾಡ್ದೆ ಆಸ್ಪತ್ರೆಗೆ ಹೋಗಿ."

ಮೊದಲ ಕೊಡ ಉರುಳಿತು. ಎರಡನೆಯದು, ಮೂರನೆಯದು, ಬಕೆಟ್ಟು, ಪಾತ್ರೆ. ಓಣಿಯ ಎರಡೂ ಕಡೆಯ ಚರಂಡಿಗಳಲ್ಲಿ ನೀರು ಸದ್ದು ಮಾಡುತ್ತ ಹರಿಯಿತು. "ಅಯ್ಯೋ, ಎಲ್ಲರಿಂದಲೂ ತಪ್ಪಾಗುತ್ತಪ್ಪಾ, ಈಗ್ಲಾದ್ರೂ ಬಂದು ಹೇಳ್ದೆಯಲ್ಲ!" ಎಂದಳು ಸೊಂಟದ ಮೇಲೆ ಕೈಯಿಟ್ಟಿದ್ದ ಹೆಂಗಸು. ಚಹಾದ ಅಂಗಡಿಯ ಮುಂದೆ ವ್ಯಾನು ನಿಂತಾಗ ಅಂಗಡಿಯವನು ಮಗಳನ್ನು ಎತ್ತಿಕೊಂಡು ಆಸ್ಪತ್ರೆಯ ಕಡೆ ಓಡಿದ. ಓಡುವಾಗಲೂ ನೀರಗಂಟಿಯ ಕಡೆ ತಿರುಗಿ ಹೋಗಿಬರ್ತೀನಿ ಎನ್ನುವಂತೆ ಕೈ ಎತ್ತಿದ. ಇಪ್ಪತ್ತೇಳು ಓಣಿ. ಪ್ರತಿ ಓಣಿಯಲ್ಲೂ ಅದೇ ಮಾತು, ಅದೇ ತಪ್ಪಾಯ್ತು, ಅದೇ ಅಯ್ಯೋ ಬಿಡಪ್ಪಾ. ಅವನು ಮುಂದಿನ ಸೀಟಿನಲ್ಲಿ ಚೀಟಿ ಮುದುರಿ ಹಿಡಿದು ಕೂತಿದ್ದ. ಯಾರೂ ಅವನ ಕಡೆ ನೋಡಲಿಲ್ಲ, ಬೈಯಲು ಕೂಡ. "ಯಾಕೆ ಹಾಗೆ ಹೇಳ್ತಿದ್ದೀಯ?" ಎಂದು ಒಂದು ತಿರುವಿನಲ್ಲಿ, ವ್ಯಾನಿನವನಿಗೆ ಕೇಳದಂತೆ ಕೇಳಿದ. "ನಿಮ್ಮ ತಪ್ಪು ಅಂದ್ರೆ ನಾಳೆಯಿಂದ ಆ ಪುಸ್ತಕಾನ ಯಾರೂ ನಂಬಲ್ಲ ಸಾರ್. ಆಮೇಲೆ ಮೊಸಳೆ ನಿಜ ಆಗುತ್ತೆ, ಅಣೆಕಟ್ಟೂ ಒಡೆಯುತ್ತೆ. ನನಗೇನು, ಒಂದು ದಿನ ಬೈತಾರೆ," ಎಂದ ಅವನು. ಒಂದು ದಿನವೂ ಬೈಯಲಿಲ್ಲವಲ್ಲೋ ಪುಣ್ಯಾತ್ಮ! ಹೊತ್ತುಕೊಂಡು ಓಡಾಡಲು ತನಗೆ ಒಂದು ತಪ್ಪಾದರೂ ಉಳಿದಿತ್ತು, ಸ್ವಂತದ್ದು, ತಾನೇ ಮಾಡಿದ್ದು. ಅದನ್ನೂ ಇವನು ಎತ್ತಿಕೊಂಡು ಹೆಗಲ ಮೇಲೆ ಹಾಕಿಕೊಂಡ, ಇವನ ಹೆಗಲಿಗೆ ಅದು ಒಪ್ಪಿತು ಕೂಡ.

ಅವರ ಓಣಿ ಕೊನೆಯದು. ಅಲ್ಲಿ ಮಾತು ಮುಗಿಸಿ ನೀರಗಂಟಿ ಗುಂಡಿಯ ಮುಚ್ಚಳ ಎತ್ತಿ ಪೈಪು ಖಾಲಿ ಮಾಡಲು ಕೂತ. ಗಂಡ ಮನೆಯೊಳಗೆ ಓಡಿದ. ಬೆಳಕು ಇನ್ನೂ ಇತ್ತು. ಹೆಂಡತಿ ದೊಡ್ಡ ಕೊಡವನ್ನು ಮಗುಚಿ ಹಾಕಿ, ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು.

"ನೀನು ಕುಡಿದ್ಯಾ?"

"ಕುಡ್ದೆ. ಊಟದ ಹೊತ್ತಲ್ಲಿ ಎರಡು ಲೋಟ, ಆಮೇಲೊಂದು. ಚೆಲ್ಲೋಕೆ ಅಂತ ಎತ್ತಿಟ್ಟಿದ್ದೆ, ನಿಮ್ಮ ವ್ಯಾನಲ್ಲಿ ಅವನ ಹೆಸರು ಕೇಳ್ದೆ. ಅವನೇ ಹೇಳಿದ್ಮೇಲೆ ಇನ್ನೇನು ಅಂತ." ಅವಳು ಮುಖ ಒರೆಸಿಕೊಂಡಳು. "ಪಾಪ, ಎಷ್ಟು ನೊಂದ್ಕೊಂಡಿದ್ದಾನೆ ನೋಡಿ. ಊರೆದುರಿಗೆ ನನ್ನ ತಪ್ಪು ಅಂತ ಹೇಳೋಕೆ ಎಂಥ ಎದೆ ಬೇಕು. ಬೇರೆಯವರಾಗಿದ್ರೆ ಕಾಗದ ಮುಂದಿಟ್ಕೊಂಡು ಕಾರಣ ಓದ್ತಿದ್ರು."

"ಅವನದಲ್ಲ ತಪ್ಪು," ಎಂದ ಅವನು. ಇಷ್ಟು ಹೊತ್ತು ಅಂಟಿಕೊಂಡಿದ್ದ ನಾಲಿಗೆ ಈಗ ಬಿಟ್ಟಿತ್ತು, ತಡೆಯಲಾಗಲಿಲ್ಲ. "ನಾನು ಅವನನ್ನ ಕೇಳ್ಲೇ ಇಲ್ಲ. ಫೋನ್ ಎತ್ತಿದೆ, ಇಟ್ಟೆ. ಕೇಳ್ದೇ ಅವನ ಹೆಸರು ಬರೆದೆ. ನೀನು ಅವನೇ ಹೇಳಿದ್ದು ಅಂದ್ಯಲ್ಲ, ಅದಕ್ಕೆ. ನನ್ನದು ತಪ್ಪು. ನಿನಗೆ ಆ ನೀರು ಕುಡಿಸಿದ್ದು ನಾನು."

ಅವಳು ಅವನನ್ನೇ ನೋಡಿದಳು. ಹದಿನೆಂಟು ವರ್ಷದಲ್ಲಿ ಅವಳು ಇಷ್ಟು ಹೊತ್ತು ಅವನ ಮುಖ ನೋಡಿದ್ದು ನೆನಪಿರಲಿಲ್ಲ. ಸಿಟ್ಟು ಬರಲಿ, ಕಿರುಚಲಿ, ಕೊಡ ಎತ್ತಿ ಎಸೆಯಲಿ ಎಂದು ಅವನು ಕಾದ. ನಂಬಿದರೆ ಸಾಕಿತ್ತು.

"ಬಿಡ್ರೀ," ಎಂದಳು ಮೆತ್ತಗೆ. "ಪುಸ್ತಕದಲ್ಲಿ ಹೆಸರಿದೆ, ವ್ಯಾನಲ್ಲಿ ಓದಿದ್ದಾರೆ, ಅವನೇ ಬಾಯಿಬಿಟ್ಟು ಒಪ್ಕೊಂಡಿದ್ದಾನೆ. ಜನ ಅವನನ್ನ ಹೊಗಳಿದ್ದು ಅಷ್ಟೊಂದು ಉರೀತಾ ನಿಮಗೆ? ಅವನ ತಪ್ಪನ್ನೂ ನಂದು ಅಂತೀರಲ್ಲ."

ಪುಸ್ತಕ ತಂದು ತೋರಿಸಲೇ ಎಂದುಕೊಂಡ. ಪುಸ್ತಕದಲ್ಲಿ ಅವನದೇ ಅಕ್ಷರದಲ್ಲಿ ಅವಳು ಹೇಳಿದ್ದೇ ಇತ್ತು. ಅವಳು ಗೋಡೆಗೆ ಕೈಕೊಟ್ಟು ಮಣೆಯ ಮೇಲೆ ಕೂತಳು. ಕೂತವಳ ಹುಬ್ಬು ಗಂಟಾಯಿತು, ಒಂದು ಕೈ ಹೊಟ್ಟೆಯ ಮೇಲೆ ಹೋಯಿತು. "ಹೆದರಿಕೆಗೋ ಏನೋ, ಹಿಂಡಿದ ಹಾಗಾಗ್ತಿದೆ," ಎಂದಳು.

"ಏಳು, ಆಸ್ಪತ್ರೆಗೆ ಹೋಗೋಣ. ಸೇತುವೆ ಕಡೆ ರಸ್ತೆ ತೆರೆದಿದೆ, ನಾನೇ ಬರೆದಿದ್ದೀನಿ."

"ಹೊರಗೇ ಇದ್ದಾನಲ್ಲ," ಎಂದಳು ಅವಳು ಕಣ್ಣು ಮುಚ್ಚಿಕೊಂಡು. "ಒಂದು ಸಲ ಅವನನ್ನ ಕೇಳಿ."

ಅವನು ಹೊರಗೆ ಹೋದ. ನೀರಗಂಟಿ ಗುಂಡಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೀಲಿ ತಿರುಗಿಸುತ್ತಿದ್ದ. ಅವನು ಹತ್ತಿರ ಹೋಗಿ ನಿಂತು, "ಆಸ್ಪತ್ರೆಗೆ ಯಾವ ಕಡೆಯಿಂದ ಹೋಗ್ಬೇಕಪ್ಪಾ?" ಎಂದು ಕೇಳಿದ.